ರೇಷ್ಮೆ ನೀರಿನಲ್ಲಿ ಕಲಸಿದ ತಾರಸಿ

ಮನೆ ಕಟ್ಟುವ ಖರ್ಚಿನ ಅಂದಾಜು ಬರೆದುಕೊಡುವವನನ್ನು ಜನ ಎರಡು ಸಲ ನೆನೆಯುತ್ತಾರೆ. ಪಾಯ ತೋಡುವ ಮುಂಚೆ ಒಮ್ಮೆ, ಕೈಯಲ್ಲಿದ್ದದ್ದು ಕರಗಿದ ಮೇಲೆ ಇನ್ನೊಮ್ಮೆ. ಮೊದಲ ಸಲ ಕಾಫಿ ಕೊಟ್ಟು ನೆನೆಯುತ್ತಾರೆ. ಎರಡನೆಯ ಸಲ ಏನು ಹೇಳಿ ನೆನೆಯುತ್ತಾರೆಂಬುದನ್ನು ಅಚ್ಚಿನಲ್ಲಿ ಹಾಕಲು ಬರುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಈ ಎರಡನ್ನೂ ಅರಗಿಸಿಕೊಂಡು ನಿವೃತ್ತನಾದವನು ನಾನು. ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್ ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದರಿಂದ ಅವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಕೆಲಸ ಕಲಿಸಿದ ಕೆಲವು ಮನೆಗಳನ್ನೂ ಕೆಲವು ಮನುಷ್ಯರನ್ನೂ ಕುರಿತು ಹೇಳಿದರೆ ಆದೀತು ಎಂದು ಬರೆಯಲು ಕುಳಿತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಚಿಕ್ಕಬಳ್ಳಾಪುರದಲ್ಲಿದ್ದ ಸರ್ಕಾರದ ಕಟ್ಟಡಗಳ ಕಚೇರಿಗೆ, ಐವತ್ತರ ದಶಕದ ನಡುವಿನಲ್ಲಿ. ಓವರ್‌ಸಿಯರ್ ಎಂಬ ಹುದ್ದೆ. ಹಳ್ಳಿಯವರ ಬಾಯಲ್ಲಿ ಅದು ಓವರ್‌ಸೀರಪ್ಪ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಲೆ, ಆಸ್ಪತ್ರೆ, ಮುಸಾಫಿರಖಾನೆಗಳ ರಿಪೇರಿ ನಮ್ಮ ಪಾಲಿಗೆ. ಬಸ್ಸು ಹೋಗುವ ಕಡೆಗೆ ಬಸ್ಸು, ಇಲ್ಲದ ಕಡೆಗೆ ಸೈಕಲ್ಲು. ಇವೆಲ್ಲ ಕಚೇರಿಯ ಕೆಲಸವಾಯಿತು. ಆದರೆ ಆಗ ಸಿಮೆಂಟು ಅಂಗಡಿಗೆ ಹೋಗಿ ತರುವ ಸರಕಾಗಿರಲಿಲ್ಲ. ಪರ್ಮಿಟ್ ಬೇಕಿತ್ತು. ಪರ್ಮಿಟ್ ಬೇಕೆಂದರೆ ಎಷ್ಟು ಮೂಟೆ ಹಿಡಿಯುತ್ತದೆಂದು ನಮ್ಮಂಥವರು ಲೆಕ್ಕ ಹಾಕಿ ಬರೆದುಕೊಟ್ಟು, ಮೇಲಿನವರು ರುಜು ಹಾಕಬೇಕಿತ್ತು. ಹೀಗಾಗಿ ಮನೆ ಕಟ್ಟಬೇಕೆಂದವರೆಲ್ಲ ನಮ್ಮ ಬಾಗಿಲಿಗೇ ಬರುತ್ತಿದ್ದರು.

ಬಂದವರು ಕೇಳುತ್ತಿದ್ದುದೂ ಒಂದೇ ಬಗೆಯಲ್ಲ. ಗೌರಿಬಿದನೂರಿನ ಒಬ್ಬ ಜಮೀನ್ದಾರರು ನನ್ನನ್ನು ಪಕ್ಕಕ್ಕೆ ಕರೆದು, "ಓವರ್‌ಸೀರಪ್ಪ, ಎರಡು ಎಸ್ಟಿಮೇಟು ಬೇಕಪ್ಪ. ಕಮ್ಮಿದೊಂದು ನಮ್ಮ ಮನೆಯವಳಿಗೆ ತೋರ್ಸಕ್ಕೆ. ಜಾಸ್ತಿದೊಂದು ನಮ್ಮ ಭಾವಮೈದನಿಗೆ ತೋರ್ಸಕ್ಕೆ," ಎಂದರು.

"ಮನೆ ಯಾವುದರ ಪ್ರಕಾರ ಕಟ್ತೀರಿ?" ಎಂದೆ.

"ಅದು ಮೇಸ್ತ್ರಿ ಹೇಳ್ದಂಗೆ," ಎಂದುಬಿಟ್ಟರು. ನನ್ನ ವೃತ್ತಿಯ ಬೆಲೆ ಏನೆಂದು ನನಗೆ ಅವತ್ತೇ ತಿಳಿಯಿತು.

ನನಗೆ ಕೆಲಸ ಕಲಿಸಿದವರು ಶೇಷಗಿರಿರಾಯರು, ನಮ್ಮ ಕಚೇರಿಯ ಸಹಾಯಕ ಇಂಜಿನಿಯರು. ಸಣ್ಣ ಆಳು, ದೊಡ್ಡ ದನಿ. ಬೈದರೆ ಮೂರನೆಯ ಕೋಣೆಯ ಗುಮಾಸ್ತರೂ ಎದ್ದು ನಿಲ್ಲುತ್ತಿದ್ದರು. ನಾನು ಮೊದಮೊದಲು ಒಪ್ಪವಾಗಿ ಬರೆದ ಅಂದಾಜು ಪಟ್ಟಿಯನ್ನು ಅವರ ಮುಂದಿಟ್ಟರೆ, ಅಂಕಿಯನ್ನೇ ನೋಡದೆ, "ಗುಂಡಿ ತೆಗೆಸಿದ್ಯೇನಯ್ಯ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಕಾಗದ ಹಾರಿ ಬಾಗಿಲ ಹತ್ತಿರ ಬೀಳುತ್ತಿತ್ತು. "ಗೋಡೆ, ತಾರಸಿ ಎಲ್ಲಾ ಕಣ್ಣಿಗೆ ಕಾಣುತ್ತೆ, ಯಾರು ಬೇಕಾದ್ರೂ ಲೆಕ್ಕ ಹಾಕ್ತಾರೆ. ದುಡ್ಡು ನುಂಗೋದು ಪಾಯ. ಒಂದಾಳುದ್ದ ಗುಂಡಿ ತೆಗೆಸಿ, ಒಳಗಿಳಿದು, ಮಣ್ಣು ಹಿಸುಕಿ ನೋಡಿ ಆಮೇಲೆ ಪೆನ್ಸಿಲ್ ಹಿಡಿ." ನಾನು ಆಮೇಲೆ ಇಳಿದ ಗುಂಡಿಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ನನ್ನ ಹೆಂಡತಿ ನನ್ನ ಪಂಚೆ ಒಗೆಯುವಾಗ ಇವತ್ತು ಯಾವ ಊರಿನ ಮಣ್ಣು ಎಂದು ಬಣ್ಣ ನೋಡಿಯೇ ಹೇಳುತ್ತಿದ್ದಳು.

ಗುಂಡಿಯ ಮಾತು ಬಂದಾಗ ಮುರುಗಮಲ್ಲದ ಒಬ್ಬ ದಿನಸಿ ಅಂಗಡಿಯವರನ್ನು ಬಿಡುವಂತಿಲ್ಲ. ಅವರ ನಿವೇಶನದಲ್ಲಿ ಗುಂಡಿ ತೆಗೆಯಲು ಹೋದರೆ ಒಂದು ಮೊಳಕ್ಕೇ ಹಾರೆ ಟಣ್ಣೆಂದಿತು. ಕೆಳಗೆಲ್ಲ ಒಂದೇ ಬಂಡೆ. ನಾನು ಖುಷಿಯಿಂದ, ನಿಮ್ಮ ಪಾಯವನ್ನು ದೇವರೇ ಹಾಕಿಟ್ಟಿದ್ದಾನೆ, ಪಾಯದ ಖರ್ಚೇ ಇಲ್ಲ ಎಂದೆ. ಅವರ ಮುಖ ಇಳಿದುಹೋಯಿತು. "ಪಾಯ ಇಲ್ದಿರೋ ಮನೆ ಕಟ್ದ ಅಂತ ಊರವರು ಆಡ್ಕೊಳಲ್ವಾ? ಪಾಯದ ಪೂಜೆಗೆ ಹಾಲು, ನವಧಾನ್ಯ ಎಲ್ಲಿಗೆ ಹಾಕ್ಲಿ? ಎಷ್ಟಾದ್ರೂ ಆಗ್ಲಿ, ಬಂಡೆ ಒಡ್ಸಿ ಪಾಯ ತೋಡ್ಸಿ," ಎಂದು ಹಟ ಹಿಡಿದರು. ದೇವರು ಕೊಟ್ಟ ಪಾಯವನ್ನು ಒಡೆದು, ಅದೇ ಕಲ್ಲನ್ನು ಮತ್ತೆ ಜೋಡಿಸಿ ಪಾಯ ಮಾಡುವ ಅಂದಾಜು ಪಟ್ಟಿಯನ್ನು ನಾನು ಹೇಗೆ ಬರೆಯಲಿ? ಕೊನೆಗೆ ಈಶಾನ್ಯದ ಮೂಲೆಯಲ್ಲಿ ಒಂದು ಬೋಗುಣಿಯಷ್ಟು ಗುಳಿ ಕೊರೆಸಿ, ಪೂಜೆ ಮಾಡಿಸಿ, ಇದೇ ಪಾಯ ಎಂದು ಒಪ್ಪಿಸಿದೆ.

ಇನ್ನು ಶಿಡ್ಲಘಟ್ಟದ ವಿಷಯ. ನಾನು ಬರೆಯಲು ಕುಳಿತದ್ದೇ ಮುಖ್ಯವಾಗಿ ಅದಕ್ಕೆ.

ಅರವತ್ತರ ದಶಕ ಶುರುವಾಗಿತ್ತು. ಅಡಿ, ಅಂಗುಲ ಹೋಗಿ ಮೀಟರು ಬರುತ್ತಿದ್ದ ಕಾಲ. ನಾವು ಮೀಟರಿನಲ್ಲಿ ಬರೆದು ಮನೆಯವರಿಗೆ ಅಡಿಯಲ್ಲಿ ಹೇಳುತ್ತಿದ್ದೆವು. ಅಲ್ಲಿಯವರೆಗೆ ನಮ್ಮ ಕಡೆ ಮನೆಯೆಂದರೆ ಕಲ್ಲು ಚಪ್ಪಡಿ ಹೊದಿಸಿದ ಮನೆ ಅಥವಾ ಮಣ್ಣಿನ ಮಾಳಿಗೆ. ಸಿಮೆಂಟು, ಜಲ್ಲಿ, ಕಂಬಿ ಸೇರಿಸಿ ಹಾಕುವ ತಾರಸಿಗೆ ಜನ ಮೋಲ್ಡ್ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಊರಿಗೊಂದೋ ಎರಡೋ ಇದ್ದವು, ಅವೂ ಸಾಹುಕಾರರ ಮನೆಗಳು.

ಅಂಥ ಹೊತ್ತಿನಲ್ಲಿ ಹಯಾತ್ ಸಾಬರು ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಸಾಹುಕಾರರೇನಲ್ಲ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ನಾಲ್ಕಾರು ಚರಕ ಇಟ್ಟುಕೊಂಡಿದ್ದವರು. ಮನೆಯ ಮುಂಭಾಗದಲ್ಲಿ ಚರಕ, ಒಲೆ, ಗೂಡು ಬೇಯುವ ಬಾಣಲೆಗಳು. ಅದರ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ನೂಲು ತೆಗೆಯುವ ಮನೆಯ ಹೊಗೆ, ಬೆಂದ ಹುಳುವಿನ ನಾತ ಹೇಗಿರುತ್ತದೆಂದು ಶಿಡ್ಲಘಟ್ಟದ ಬೀದಿಯಲ್ಲಿ ಒಮ್ಮೆ ನಡೆದವರಿಗೂ ಗೊತ್ತು. ಅವರ ಹೆಂಡತಿ ಖಮರುನ್ನೀಸಾ ಅವರಿಗೆ ದಮ್ಮು. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಉಸಿರು ನಿಂತಂತಾಗಿ ಗಾಡಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರಂತೆ.

"ಡಾಕ್ಟರು ಖಡಾಖಂಡಿತ ಹೇಳ್ಬಿಟ್ರು ಸಾರ್," ಎಂದರು ಹಯಾತ್ ಸಾಬರು. "ಹೊಗೆಯಿಂದ ಬಿಡಿಸ್ಲಿಲ್ಲ ಅಂದ್ರೆ ಇನ್ನೊಂದು ಚಳಿಗಾಲ ತಡೆಯಲ್ಲ ಅಂತ. ತವರಿಗೆ ಕಳ್ಸಿದ್ರೆ ಎರಡು ವಾರಕ್ಕೆ ವಾಪಸ್ ಬರ್ತಾಳೆ, ಮಕ್ಕಳನ್ನ ಬಿಟ್ಟಿರಲ್ಲ. ಚರಕ ನಿಲ್ಸಿದ್ರೆ ಊಟ ಎಲ್ಲಿ? ಹಿತ್ಲಲ್ಲಿ ಎರಡು ಕೋಣೆ ಕಟ್ಟಿ ಮೇಲೆ ಮೋಲ್ಡ್ ಹಾಕ್ಸಿ, ಮೋಲ್ಡ್ ಮೇಲೆ ಅವಳಿಗೊಂದು ಹೆಂಚಿನ ರೂಮು ಮಾಡ್ಬೇಕು. ಹೊಗೆ ಅಷ್ಟೆತ್ತರ ಬರಲ್ಲ. ಈ ಚಳಿಗೆ ಮುಂಚೆ ಆಗ್ಬೇಕು ಸಾರ್."

ಹಿತ್ತಲಿನಲ್ಲಿ ಗುಂಡಿ ತೆಗೆಸಿದೆ. ತಲೆಮಾರಿನಿಂದ ಬಾಣಲೆಯ ನೀರು, ಸತ್ತ ಹುಳು ಎಲ್ಲ ಅಲ್ಲಿಗೇ ಸುರಿದಿದ್ದರಿಂದ ಎದೆಮಟ್ಟದವರೆಗೆ ಕಪ್ಪು ಕೆಸರು. ಗುಂಡಿಯಿಂದ ನಾನು ಮೇಲೆ ಬಂದಾಗ ಬೀದಿನಾಯಿಯೊಂದು ನನ್ನ ಹಿಂದೆಯೇ ಬಸ್ ನಿಲ್ದಾಣದವರೆಗೆ ಬಂತು. ಪಾಯ ಅಷ್ಟೂ ಕೆಸರು ದಾಟಿ ಅಡಿಯ ಗಟ್ಟಿ ಗರಸು ಮಣ್ಣು ಮುಟ್ಟುವಷ್ಟು ಇಳಿಯಬೇಕಾಯಿತು. ನೆಲದ ಮೇಲಿನ ಗೋಡೆಗಿಂತ ನೆಲದೊಳಗಿನ ಗೋಡೆಯೇ ಹೆಚ್ಚಿನ ಖರ್ಚು ಎಂದಾಯಿತು.

"ಭೂಮಿ ಒಳ್ಗೆ ಇಷ್ಟು ಹೂತಿಡೋಕೆ ನಾನೇನು ಟಿಪ್ಪು ಖಜಾನೆ ಇಡ್ತಾ ಇದೀನಾ ಸಾರ್?" ಎಂದು ಹಯಾತ್ ಸಾಬರು ಗೊಣಗಿದರು. ಆಮೇಲೆ ತಾರಸಿಯ ಲೆಕ್ಕಕ್ಕೆ ಬಂದಾಗ ಅವರಿಗೆ ನಿಜವಾಗಿ ಅನುಮಾನ ಬಂತು. ನೂರು ಘನ ಅಡಿ ಕಾಂಕ್ರೀಟಿಗೆ ಸಿಮೆಂಟು, ಮರಳು, ಜಲ್ಲಿ ಎಲ್ಲ ಸೇರಿ ಸುಮಾರು ನೂರೈವತ್ತು ಅಡಿ ಒಣ ಸಾಮಾನು ಬೇಕು. ಮಿಕ್ಕ ಐವತ್ತು ಅಡಿ ಎಲ್ಲಿಗೆ ಹೋಯಿತು ಎಂದು ಅವರ ಪ್ರಶ್ನೆ. ಅದೇ ಪ್ರಶ್ನೆಯನ್ನು ನಾನೂ ಹಿಂದೊಮ್ಮೆ ರಾಯರಿಗೆ ಕೇಳಿದ್ದೆ. ಅವರು ಹೇಳಿದ ಉತ್ತರವನ್ನೇ ಹೇಳಿದೆ. ಒಂದು ಸೇರು ಕಡಲೆಗೆ ಒಂದು ಸೇರು ಎಳ್ಳು ಸುರಿದರೆ ಎರಡು ಸೇರಾಗುವುದಿಲ್ಲ, ಎಳ್ಳು ಕಡಲೆಯ ಸಂದಿಗೆ ಇಳಿಯುತ್ತದೆ. ಸಾಬರು ನಂಬಲಿಲ್ಲ. ಒಳಗಿನಿಂದ ಕಡಲೆ, ಎಳ್ಳು ತರಿಸಿ, ಅಳೆದು, ಸುರಿದು ನೋಡಿದ ಮೇಲೆ, "ಹೌದಲ್ರೀ!" ಎಂದು ನಕ್ಕರು. ಬಾಗಿಲ ಪರದೆಯ ಹಿಂದೆ ಯಾರೋ ನಕ್ಕ ಸದ್ದೂ, ನಗು ಕೆಮ್ಮಾಗಿ ತಿರುಗಿದ ಸದ್ದೂ ಕೇಳಿಸಿತು. ಖಮರುನ್ನೀಸಾ ಅವರ ಕೆಮ್ಮನ್ನು ನಾನು ಕೇಳಿದ್ದು ಅದೇ ಮೊದಲು. ಸಾಬರು ಮಾತು ನಿಲ್ಲಿಸಿ, ಅದು ಮುಗಿಯುವವರೆಗೆ ನೆಲ ನೋಡುತ್ತ ಕುಳಿತಿದ್ದರು.

ರಾಯರು ರುಜು ಹಾಕಿದರು, ಪರ್ಮಿಟ್ ಬಂತು. ಮೂಟೆ ಲೆಕ್ಕಕ್ಕೆ ಸರಿಯಾಗಿ ಬಂತೇ ಹೊರತು ಒಂದು ಬೊಗಸೆಯೂ ಹೆಚ್ಚಿಲ್ಲ. ಇನ್ನೊಂದು ಪರ್ಮಿಟ್ ಎಂದರೆ ಮುಂದಿನ ವರ್ಷದ ಮಾತು. ಕೆಲಸ ಹಿಡಿದವನು ಮುನಿಶಾಮಪ್ಪ ಎಂಬ ಮೇಸ್ತ್ರಿ. ಗಾರೆ ಕೆಲಸದಲ್ಲಿ ಅವನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ತಿಂಗಳುಗಟ್ಟಲೆ ಅರೆದು, ಕನ್ನಡಿಯಂತೆ ಹೊಳೆಯುವ ಗೋಡೆ ಮಾಡುತ್ತಿದ್ದ. ಸಿಮೆಂಟು ಮಾತ್ರ ಅವನಿಗೆ ಹೊಸದು.

ಪಾಯ ಮುಗಿಯಿತು, ಗೋಡೆ ಎದ್ದಿತು. ಬೇಸಿಗೆಯ ಕೊನೆಗೆ ಮೋಲ್ಡ್ ಹಾಕುವ ದಿನ ಬಂತು. ಹಿಂದಿನ ಸಂಜೆ ನಾನು ಹೋಗಿ ಕಂಬಿ, ಹಲಗೆ, ಕೆಳಗೆ ಕೊಟ್ಟ ಸರ್ವೆ ಕಂಬಗಳನ್ನೆಲ್ಲ ನೋಡಿ ಬಂದೆ. ಮೋಲ್ಡ್ ಹಾಕುವ ದಿನ ನಾನೂ ರಾಯರೂ ಚಿಂತಾಮಣಿಯ ಒಂದು ಶಾಲೆಯ ಕೆಲಸದ ತಪಾಸಣೆಗೆ ಹೋಗಬೇಕಿತ್ತು, ಹೋದೆವು. ಮರುದಿನ ಬೆಳಿಗ್ಗೆ ಶಿಡ್ಲಘಟ್ಟದಿಂದ ಬಂದ ಬಸ್ಸಿನ ಕಂಡಕ್ಟರು ಕಚೇರಿಯ ಬಾಗಿಲಲ್ಲಿ ನಿಂತು, "ಹಯಾತ್ ಸಾಬ್ರು ಕೂಡ್ಲೇ ಬರ್ಬೇಕಂತೆ. ಮೋಲ್ಡ್ ಎದ್ದಿಲ್ವಂತೆ," ಎಂದ. ಅರ್ಥವಾಗಲಿಲ್ಲ. ಅದೇ ಬಸ್ಸಿಗೆ ಹತ್ತಿದೆ.

ಹಿತ್ತಲಿನ ಎರಡು ಕೋಣೆಗಳಲ್ಲಿ ಪೂರ್ವದ ಕೋಣೆಯ ಮೇಲಿನ ಮೋಲ್ಡ್ ಸರಿಯಾಗಿ ಗಟ್ಟಿಯಾಗಿತ್ತು. ಪಶ್ಚಿಮದ ಕೋಣೆಯ ಮೇಲಿನದು ಹಾಕಿ ಒಂದು ದಿನ ಕಳೆದರೂ ಹಸಿ ಮಣ್ಣಿನಂತಿತ್ತು. ಹೆಬ್ಬೆರಳ ಉಗುರು ಸಲೀಸಾಗಿ ಇಳಿಯಿತು. ಖಮರುನ್ನೀಸಾ ಅವರ ಕೋಣೆ ಏಳಬೇಕಾಗಿದ್ದುದೂ ಅದರ ಮೇಲೆಯೇ, ಒಲೆಗಳ ಹೊಗೆಗೆ ಅದೇ ದೂರದ ತುದಿ, ಪೂರ್ವದ್ದು ಒಲೆಗಳಿಗೆ ತೀರ ಹತ್ತಿರ. ಮುನಿಶಾಮಪ್ಪ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಏನಾಯಿತೆಂದು ಅವನೇ ಹೇಳಿದ. ಅರ್ಧ ಕೆಲಸ ಮುಗಿದಿದೆ. ಬಾವಿಯಿಂದ ನೀರು ತರುತ್ತಿದ್ದ ಗಾಡಿಯ ಅಚ್ಚು ಮುರಿದು, ಪೀಪಾಯಿ ದಾರಿಯಲ್ಲೇ ಉರುಳಿದೆ. ಮೋಲ್ಡ್ ನಡುವೆ ನಿಲ್ಲಿಸುವಂತಿಲ್ಲ. ಹಿತ್ತಲಿನ ತೊಟ್ಟಿಯಲ್ಲಿ ಬಾಣಲೆಗಳಿಂದ ಬಸಿದ ನೀರು ತುಂಬಿದೆ, ತೆಂಗಿನ ಗಿಡಕ್ಕೆ ಹಾಕಲೆಂದು ಇಟ್ಟದ್ದು. ಬೆರಳಲ್ಲಿ ಮುಟ್ಟಿ ನೋಡಿದ್ದಾನೆ. ರೇಷ್ಮೆ ಬಿಟ್ಟ ಅಂಟು, ಬೆಲ್ಲದ ಪಾಕದ ಹಾಗೆ ಜಿಗುಟು.

"ಗಾರೆಗೆ ನಾವು ಬೆಲ್ಲದ ನೀರು ಹಾಕಲ್ವಾ ಸ್ವಾಮಿ, ಅಂಟು ಬರ್ಲಿ ಅಂತ?" ಎಂದ. "ರೇಸ್ಮೆ ಅಂಟು ಬೆಲ್ಲಕ್ಕಿಂತ ಗಟ್ಟಿ. ಒಂದೆಳೆ ಹಿಡ್ಕೊಂಡು ಎಳುದ್ರೆ ಬೆರಳು ಕುಯ್ಯತ್ತೆ. ಆಯಮ್ಮ ಮಲಗೋ ರೂಮು ಅದ್ರ ಮೇಲೆ ಬರೋದು, ಇನ್ನೂ ಗಟ್ಟಿಯಾಗ್ಲಿ ಅಂತ ಹಾಕ್ದೆ. ದ್ಯಾವುಡಾ! ಆಯಮ್ಮಂಗೆ ಒಳ್ಳೇದು ಮಾಡಕ್ಕೆ ಹೋಗಿ ಹಿಂಗಾಯ್ತಲ್ಲ."

ಬೈಯಲು ಮನಸ್ಸು ಬರಲಿಲ್ಲ. ರೇಷ್ಮೆ ಊರಿನ ಗಾರೆ ಮೇಸ್ತ್ರಿಯ ತಲೆಗೆ ಬಿಟ್ಟರೆ ಲೋಕದಲ್ಲಿ ಇನ್ನಾರ ತಲೆಗೂ ಈ ಉಪಾಯ ಹೊಳೆಯುತ್ತಿರಲಿಲ್ಲ. ಮುಂದೇನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಓದಿದ ಯಾವ ಪುಸ್ತಕದಲ್ಲೂ ಬೆಂದ ಗೂಡಿನ ನೀರಿನ ಪ್ರಸ್ತಾಪ ಇರಲಿಲ್ಲ.

ಮಧ್ಯಾಹ್ನಕ್ಕೆ ರಾಯರು ರಜೆ ಹಾಕಿ ತಾವೇ ಬಂದರು. ಅವರ ದನಿಗೆ ಹೆದರಿ ಮುನಿಶಾಮಪ್ಪ ಗೋಡೆಗೆ ಒತ್ತಿಕೊಂಡು ನಿಂತ. ರಾಯರು ಏಣಿ ಹತ್ತಿ, ಮಂಡಿಯೂರಿ, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಉಗುರಿನಿಂದ ಗೀರಿ ನೋಡಿದರು. ಇಳಿದು ಬಂದು, ನಾವೆಲ್ಲ ಕಾಯುತ್ತಿದ್ದ ಗುಡುಗಿನ ಬದಲು ಮೆಲ್ಲಗೆ ಮಾತಾಡಿದರು. "ಬೆಲ್ಲ ಸುಣ್ಣಕ್ಕೆ ಅಮೃತ ಕಣಪ್ಪ, ಸಿಮೆಂಟಿಗೆ ನಿದ್ದೆಮದ್ದು. ನಿನ್ನ ರೇಷ್ಮೆ ಅಂಟೂ ಹಾಗೇ. ಇದು ಸತ್ತಿಲ್ಲ, ಮಲಗಿದೆ. ಏಳುತ್ತೋ ಇಲ್ಲವೋ, ಎದ್ದರೂ ಎಷ್ಟು ಶಕ್ತಿಯಿಂದ ಏಳುತ್ತೋ ನಾನು ಹೇಳಲಾರೆ."

ಆಮೇಲೆ ಹಯಾತ್ ಸಾಬರಿಗೆ ಇದ್ದದ್ದನ್ನು ಇದ್ದಂತೆ ಬಿಡಿಸಿ ಹೇಳಿದರು. ಈಗಲೇ ತೆಗೆದು ಎಸೆದರೆ ಸಿಮೆಂಟು ಹೋಗುತ್ತದೆ, ಆದರೆ ಕಂಬಿ, ಹಲಗೆ ಉಳಿಯುತ್ತವೆ. ಮುಂದಿನ ವರ್ಷ ಪರ್ಮಿಟ್ ಬಂದಾಗ ಮತ್ತೆ ಹಾಕಬಹುದು. ಕಾದು ನೋಡಿದರೆ ಗಟ್ಟಿಯಾದರೂ ಆಗಬಹುದು. ಅರೆಗಟ್ಟಿಯಾಗಿ ನಿಂತರೆ ಆಗ ಹಾರೆ ಹಾಕಿ ಒಡೆಯಬೇಕು, ಕಂಬಿಯೂ ಹೋಗುತ್ತದೆ, ಗೋಡೆಯೂ ಅಲುಗುತ್ತದೆ. "ನಿಮ್ಮ ಮನೆ. ನೀವೇ ಹೇಳಬೇಕು," ಎಂದರು.

ಸಾಬರು ಪರದೆಯ ಕಡೆ ತಿರುಗಿದರು. ಮುಂದಿನ ವರ್ಷ ಎಂದರೆ ನಡುವೆ ಒಂದು ಚಳಿಗಾಲ. ಪರದೆಯ ಹಿಂದಿನಿಂದ ಖಮರುನ್ನೀಸಾ ಅವರೇ ಮಾತಾಡಿದರು. ಉಸಿರಿಗೆ ಬಿಡುವು ಕೊಟ್ಟು, ನಾಲ್ಕು ನಾಲ್ಕು ಮಾತಾಗಿ.

"ತೆಗೀಬೇಡಿ ಸಾಹೇಬ್ರೆ. ಗೂಡು ಸರ್ಯಾಗಿ ಬೇಯೋ ಮುಂಚೆ ಆತುರ ಪಟ್ಟು ಎಳುದ್ರೆ... ಎಳೆ ಕಿತ್ಕೊಂಡು ಹೋಗುತ್ತೆ. ನಮ್ಗೆ ಕಾಯೋದು ಗೊತ್ತು. ಮುನಿಶಾಮಪ್ಪಂಗೆ ಏನೂ ಅನ್ಬೇಡಿ. ಬೆಳಗ್ಗಿಂದ ಊಟ ಮಾಡಿಲ್ಲ ಅವ್ರು."

ರಾಯರು ಪರದೆಯ ಕಡೆಗೆ ಕೈಮುಗಿದರು. ಅವರು ಮೇಲಧಿಕಾರಿಗಳಿಗೂ ಹಾಗೆ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ.

ಕಾಯುವ ಕೆಲಸ ಶುರುವಾಯಿತು. ಕಂಬಗಳನ್ನು ಮುಟ್ಟಕೂಡದು, ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಶುದ್ಧ ನೀರು ನಿಲ್ಲಿಸಬೇಕು, ಅದು ಆರಲು ಬಿಡಕೂಡದು ಎಂದು ರಾಯರ ಅಪ್ಪಣೆ. ಬೇಸಿಗೆಯ ಶಿಡ್ಲಘಟ್ಟದಲ್ಲಿ ಶುದ್ಧ ನೀರು! ಅಷ್ಟು ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಗೂಡಿನ ಮಾರುಕಟ್ಟೆಗೆ ಬಂದವರೆಲ್ಲ ಮಲಗಿದ ಮೋಲ್ಡ್ ನೋಡಿಕೊಂಡು ಹೋಗುತ್ತಿದ್ದರು. ಸಾದಲಿಯಿಂದ ಗೂಡು ತಂದಿದ್ದ ಒಬ್ಬ ಗೌಡರು, "ನಮ್ಮ ಹುಳಾನೂ ಪೊರೆ ಬಿಡೋವಾಗ ಜ್ವರ ಅಂತ ಮಲಗುತ್ತೆ, ಎದ್ದು ಸೊಪ್ಪು ತಿನ್ನತ್ತೆ. ಇದ್ಕೂ ಸೊಪ್ಪು ಹಾಕಿ ನೋಡಿ ಸಾಬ್ರೆ," ಎಂದು ಚೇಷ್ಟೆ ಮಾಡಿದರು. ನಗುವವರು ನಕ್ಕರು. ಆದರೆ ಆ ಬೀದಿಯ ಹೆಂಗಸರು ಬಾವಿಯಿಂದ ಬರುವಾಗ ಒಂದೊಂದು ಬಿಂದಿಗೆ ನೀರನ್ನು ಏಣಿಯ ಬುಡದಲ್ಲಿ ಇಳಿಸಿ ಹೋಗತೊಡಗಿದರು. ಯಾರೂ ಹೇಳಿದ್ದಲ್ಲ. ಮುನಿಶಾಮಪ್ಪ ಅದನ್ನು ಹೊತ್ತು ಮೇಲೆ ಸುರಿಯುತ್ತಿದ್ದ. ಬೇರೆ ಕೆಲಸ ಒಪ್ಪಿಕೊಳ್ಳದೆ ಅಲ್ಲೇ ಬೀಡುಬಿಟ್ಟಿದ್ದ.

ಮೂರನೆಯ ದಿನ ಉಗುರು ಇಳಿಯುವುದು ನಿಂತಿತು. ವಾರ ಕಳೆದ ಮೇಲೆ ನಾನು ಸುತ್ತಿಗೆಯಿಂದ ಬಡಿದು ನೋಡಿದೆ. ಪೂರ್ವದ್ದು ಕಂಚಿನ ಹಾಗೆ ಕೇಳಿಸಿತು, ಪಶ್ಚಿಮದ್ದು ಒದ್ದೆ ಹಲಗೆಯ ಹಾಗೆ. ಮಳೆ ಶುರುವಾಗುವ ಹೊತ್ತಿಗೆ ಅದೂ ಕೊಂಚ ದನಿ ತೆಗೆದಿತ್ತು. ರಾಯರು ವಾಡಿಕೆಗಿಂತ ಎರಡರಷ್ಟು ದಿನ ಕಾಯಿಸಿ, ಆಮೇಲೆ ಕಂಬ ಬಿಚ್ಚುವುದಕ್ಕೆ ಒಪ್ಪಿದರು.

ಆ ದಿನ ಮುನಿಶಾಮಪ್ಪ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ಬಂದು, ಮೋಲ್ಡಿನ ಕೆಳಗೆ ನಟ್ಟ ನಡುವೆ ನಿಂತುಬಿಟ್ಟ. ಹಾಕಿದವನೇ ಕೆಳಗೆ ನಿಲ್ಲಬೇಕೆಂದು ಅವನ ಗುರುಗಳ ಕಾಲದಿಂದ ಬಂದ ಪದ್ಧತಿಯಂತೆ. ಆಗ ಬಂತು ರಾಯರ ಗುಡುಗು.

"ಆಚೆಗೆ ಬಾರಯ್ಯ! ಎಸ್ಟಿಮೇಟಲ್ಲಿ ಸಿಮೆಂಟಿದೆ, ಕಂಬಿ ಇದೆ. ನಿನ್ನ ತಲೆ ಎಲ್ಲೂ ಬರೆದಿಲ್ಲ!"

ಅವನನ್ನು ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು. ಕಂಬಗಳನ್ನು ಒಂದೊಂದಾಗಿ ಸಡಿಲಿಸಿದೆವು. ಮೋಲ್ಡ್ ನಿಂತಿತು. ಎಲ್ಲರೂ ಕೂಗಾಡಿ ಸಂತೋಷಪಟ್ಟರೂ ರಾಯರು ನಗಲಿಲ್ಲ. ಮೇಲೆ ಒದ್ದೆ ಮರಳಿನ ಚೀಲಗಳನ್ನು ಪೇರಿಸಿ, ಒಂದು ದಿನ ಬಿಟ್ಟು, ಕೆಳಗಿನಿಂದ ಅಳೆದೆವು. ಪೂರ್ವದ್ದು ಅಲುಗಲಿಲ್ಲ. ಪಶ್ಚಿಮದ್ದು ಹೊಟ್ಟೆ ಬಿಟ್ಟಿತು, ಚೀಲ ಇಳಿಸಿದ ಮೇಲೂ ಪೂರ್ತಿ ಹಿಂದಕ್ಕೆ ಬರಲಿಲ್ಲ.

"ತನ್ನನ್ನು ತಾನು ಹೊತ್ಕೊಳ್ಳುತ್ತೆ. ಮೇಲೆ ರೂಮು, ಮನುಷ್ಯರು ಅಂದ್ರೆ ನಾನು ಒಪ್ಪಲಾರೆ," ಎಂದು ರಾಯರು ಹಯಾತ್ ಸಾಬರಿಗೆ ಹೇಳಿದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವರು ಕನ್ನಡಕ ಒರೆಸಿದ ರೀತಿಯಲ್ಲೇ ಕಂಡಿತು. ಸಾಬರು ತಲೆಯಾಡಿಸಿದರು. ಒಳಗೆ ಕೆಮ್ಮು ಶುರುವಾಯಿತು.

ಮುನಿಶಾಮಪ್ಪ ಮಾತ್ರ ಮೋಲ್ಡಿನ ಹೊಟ್ಟೆಯನ್ನೇ ನೋಡುತ್ತಿದ್ದ. "ಸ್ವಾಮಿ, ಸಿಮೆಂಟ್ಗೆ ಪರ್ಮಿಟ್ ಬೇಕು. ಕಲ್ಲಿಗೆ ಬೇಡ ತಾನೇ?" ಎಂದ.

ರಾಯರು ಅವನ ಕಡೆ ತಿರುಗಿದರು. ಆಮೇಲೆ ಇಬ್ಬರೂ ನೆಲದ ಮೇಲೆ ಕುಳಿತು, ಇದ್ದಿಲು ಹಿಡಿದು ಗೀಚತೊಡಗಿದರು. ಕೋಣೆಯ ನಡುವೆ ಎರಡು ಕಲ್ಲುಕಂಬ, ಅದರ ಮೇಲೆ ಅಡ್ಡಲಾಗಿ ಒಂದು ಕಲ್ಲಿನ ತೊಲೆ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವೇ? ಅದಕ್ಕೆ ಬೇಕಾದ ಪಾಯವೂ ಕೆಸರು ದಾಟಿ ಇಳಿಯಬೇಕು ಎಂದು ರಾಯರು. ಇಳಿಸುತ್ತೇನೆ ಎಂದು ಇವನು. ತೊಲೆ ಮೋಲ್ಡನ್ನು ಮೇಲಕ್ಕೆ ಒತ್ತಿದರೆ ಮೇಲ್ಗಡೆ ಬಿರುಕು ಬಿಡುತ್ತದೆ, ತಾಗಿಯೂ ತಾಗದ ಹಾಗೆ ಕೂರಬೇಕು ಎಂದು ರಾಯರು. ಒಂದು ವೀಳ್ಯದೆಲೆ ಸಂದಿಯಲ್ಲಿ ತೂರಿ ಹರಿಯದೆ ಆಚೆ ಬರುವಷ್ಟು ಜಾಗ ಬಿಟ್ಟು, ಅದನ್ನು ಗಾರೆಯಿಂದ ತುಂಬುತ್ತೇನೆ ಎಂದು ಇವನು. ಹಾಗೆಯೇ ಮಾಡಿದ. ಮತ್ತೆ ಮರಳು ಚೀಲ, ಮತ್ತೆ ಅಳತೆ. ಈ ಸಲ ರಾಯರು ನಕ್ಕರು. ಹೆಂಚಿನ ಹಗುರ ಕೋಣೆಗೆ ಅಡ್ಡಿಯಿಲ್ಲ ಎಂದರು.

ಈಗಿನವರಿಗೆ ಇದು ಕುಶಾಲಿನ ಕಥೆಯಂತೆ ಕಂಡೀತು. ಈಗ ಮಣ್ಣಿನ ಪರೀಕ್ಷೆಗೆ ಯಂತ್ರ ಬಂದಿದೆ, ಕಾಂಕ್ರೀಟು ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ, ಅಂದಾಜನ್ನು ಕಂಪ್ಯೂಟರು ಕ್ಷಣದಲ್ಲಿ ಹಾಕಿಕೊಡುತ್ತದೆ. ಒಳ್ಳೆಯದೇ. ನಾನು ಹಳೆಯದನ್ನೇ ಹೊಗಳುತ್ತ ಕೂರುವವನಲ್ಲ. ಆದರೆ ಆ ಕಾಲದ ದರಪಟ್ಟಿಯಲ್ಲಿ ಮರಳಿಗೆ ದರವಿತ್ತು, ಜಲ್ಲಿಗೆ ದರವಿತ್ತು, ನೀರು ಎಂಬ ಮಾತೇ ಇರಲಿಲ್ಲ. ದೇವರು ಕೊಡುತ್ತಾನೆಂದು ಎಲ್ಲರೂ ಬಿಟ್ಟಿದ್ದರು. ಆ ವರ್ಷದಿಂದ ರಾಯರು ನಮ್ಮೆಲ್ಲರ ಅಂದಾಜಿನಲ್ಲೂ ಮೊದಲ ಸಾಲಿಗೆ ನೀರು ಬರೆಸಿದರು. ಯಾವ ಬಾವಿ, ಎಷ್ಟು ದೂರ, ಯಾರು ತರುತ್ತಾರೆ ಎಂದು. ಮೇಲಿನ ಕಚೇರಿಯವರು ಇದೇನು ಹೊಸ ರಾಗ ಎಂದು ಹೊಡೆದುಹಾಕಿದರೆ ಮತ್ತೆ ಬರೆಸುತ್ತಿದ್ದರು. ಮಕ್ಕಳೇ, ನೀವೂ ಬರೆಯಿರಿ.

ರಾಯರು ತೀರಿಕೊಂಡು ಬಹಳ ಕಾಲವಾಯಿತು, ಮುನಿಶಾಮಪ್ಪನೂ ಇಲ್ಲ. ಒಬ್ಬರು ಬೈದು ಕಲಿಸಿದರು, ಇನ್ನೊಬ್ಬ ಅತ್ತು ಕಲಿಸಿದ. ಇಬ್ಬರ ಋಣವೂ ನನ್ನ ಮೇಲಿದೆ. ಪರ್ಮಿಟ್ ಸಿಮೆಂಟು ಹಾಳಾಯಿತೆಂದು ವರದಿ ಕಳಿಸಿ ಕೈ ತೊಳೆದುಕೊಳ್ಳುವುದು ರಾಯರಿಗೆ ಎಷ್ಟು ಸುಲಭವಿತ್ತು ಎಂದು ನಾನು ಅವರ ಕುರ್ಚಿಯಲ್ಲಿ ಕುಳಿತ ಮೇಲೆಯೇ ನನಗೆ ತಿಳಿದದ್ದು. ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ.

ಮಾರ್ಗಶಿರದ ಚಳಿ ಹಿಡಿಯುವ ಹೊತ್ತಿಗೆ ಮೇಲಿನ ಕೋಣೆಗೆ ಹೆಂಚು ಹೊದಿಸಿ ಮುಗಿಯಿತು. ಹಯಾತ್ ಸಾಬರು ನಮ್ಮ ಮೂವರನ್ನೂ ಊಟಕ್ಕೆ ಕರೆದಿದ್ದರು. ರಾಯರು ಅಲ್ಲಿ ಉಣ್ಣುವವರಲ್ಲ, ಆದರೂ ಬಂದು ಬಾಳೆಹಣ್ಣು, ಹಾಲು ತೆಗೆದುಕೊಂಡು ಜಗಲಿಯಲ್ಲಿ ಕುಳಿತರು. ಮುಂದಿನ ಮನೆಯಲ್ಲಿ ಚರಕಗಳು ಎಂದಿನಂತೆ ತಿರುಗುತ್ತಿದ್ದವು, ಹೊಗೆ ಹಿತ್ತಲಿಗೆಲ್ಲ ಇಳಿದು ನಿಂತಿತ್ತು. ಖಮರುನ್ನೀಸಾ ಅವರು ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಬಂದರು. ಅವರನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಇಷ್ಟು ತೆಳುವಾದ ಮನುಷ್ಯರಿಗಾಗಿ ಅಷ್ಟೊಂದು ಮರಳು ಹೇರಿದೆವಲ್ಲ ಎನಿಸಿತು. ಕಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದರು. ನಡುವೆ ನಿಂತು ಕೆಮ್ಮಿದರು, ಗೋಡೆ ಹಿಡಿದು ಸುಧಾರಿಸಿಕೊಂಡರು. ಸಾಬರು ಹಿಂದೆ ಹೋಗಲು ಎದ್ದರೆ ಕೈಯಲ್ಲೇ ಬೇಡವೆಂದರು. ಮತ್ತೆ ಹತ್ತಿ ಮೇಲೆ ಮರೆಯಾದರು.

ನಾವೆಲ್ಲ ಮೇಲಕ್ಕೆ ಕಿವಿಗೊಟ್ಟು ಕುಳಿತೆವು. ಕೆಮ್ಮು ಕೇಳಿಸಲಿಲ್ಲ. ಮುನಿಶಾಮಪ್ಪ ಮಾತ್ರ ಎದ್ದು ಹೋಗಿ ಕೆಳಗಿನ ಕೋಣೆಯಲ್ಲಿ, ತನ್ನ ಕಲ್ಲುತೊಲೆಯ ಕೆಳಗೆ ನಿಂತಿದ್ದ. ಈ ಸಲ ರಾಯರು ಅವನನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ದನಿ ಬಂತು, ಒಂದೇ ಉಸಿರಿನಲ್ಲಿ, ಎಲ್ಲೂ ತುಂಡಾಗದೆ.

"ಏನ್ರೀ, ಚಾಪೆ ಹೊದಿಕೆ ಕಳ್ಸಿ. ನಾನು ಇವತ್ತು ಕೆಳಗೆ ಇಳಿಯಲ್ಲ."